ಎಡಗೈಯವರ ಗಿಟಾರ್

ನಂಜನಗೂಡು,
ಗುರುವಾರ

ನರಸೀಪುರದ ಆರ್ಕೆಸ್ಟ್ರಾ ಯಜಮಾನರಿಗೆ, ತವರಿನಲ್ಲಿ ಕೂತಿರುವ ನಿಮ್ಮ ಹೆಂಡತಿಯ ನಮಸ್ಕಾರಗಳು.

ನಿಮ್ಮ ತಂಡದ ಹುಡುಗ ಮದನ್ ಕೈಯಲ್ಲಿ ಕಳಿಸಿದ ಎಲೆಕ್ಟ್ರಿಕ್ ಗಿಟಾರ್ ತಲುಪಿತು. ಚೀಟಿಯನ್ನೂ ಓದಿದೆ. ತಂಡಕ್ಕೆ ಎಡಗೈಯಲ್ಲಿ ನುಡಿಸುವವರೊಬ್ಬರು ಸೇರುತ್ತಿದ್ದಾರೆ, ಅವರಿಗೆ ಕೊಡುವ ಮೊದಲು ಹೇಗಿದೆ ನೋಡಿ ಹೇಳು ಎಂದಿದ್ದೀರಿ. ಗಂಡೋ ಹೆಣ್ಣೋ, ಒಂದಕ್ಷರವಿಲ್ಲ. ಮದನ್‌ನನ್ನು ಕೇಳಿದರೆ, “ನಂಗೊತ್ತಿಲ್ಲ ಕಣಕ್ಕ, ಅಣ್ಣ ಏನೂ ಯೋಳ್ನಿಲ್ಲ” ಎಂದು ಕಾಫಿ ಲೋಟದೊಳಗೆ ಮುಖ ಇಟ್ಟ. ನಾನು ಬಿಟ್ಟು ಬಂದ ಊರಿನಲ್ಲಿ ನನ್ನ ಹಾಗೆ ಇನ್ನೊಬ್ಬರು ಎಡಗೈಯವರು ಎಲ್ಲಿಂದ ಹುಟ್ಟಿದರು?

ಇರಲಿ, ಕೇಳಿದ್ದಕ್ಕೆ ಹೇಳುತ್ತೇನೆ. ಗಿಟಾರಿನ ಕತ್ತನ್ನು ಕಣ್ಣಿಗೆ ನೇರ ಹಿಡಿದು ನೋಡಿದೆ, ಸೊಟ್ಟಗಿಲ್ಲ. ಅದರ ಮೇಲಿನ ಫ್ರೆಟ್ ಕಂಬಿಗಳ ಅಂಚು ಬೆರಳಿಗೆ ಚುಚ್ಚುವುದಿಲ್ಲ. ತಂತಿಗಳು ತಗ್ಗಿನಲ್ಲಿವೆ, ಒತ್ತಲು ಸಲೀಸು. ಮೇಲಿನ ಸ್ವರಗಳಿಗೆ ಹೋದಾಗ ಮಾತ್ರ ಸಣ್ಣ ತಂತಿ ಗಿರ್ರೆನ್ನುತ್ತದೆ. ಬಿರಡೆಗಳು ಗಟ್ಟಿ, ಬೆಳಿಗ್ಗೆ ಕೂಡಿಸಿದ ಶ್ರುತಿ ಸಂಜೆಗೂ ಜಾರಿಲ್ಲ.

ಆದರೆ ಇದು ಎಡಗೈಯವರಿಗೆಂದು ಮಾಡಿದ ಗಿಟಾರ್ ಅಲ್ಲ. ಬಲಗೈಯವರದನ್ನೇ ತಿರುಗಿಸಿ ತಂತಿ ಅದಲುಬದಲು ಮಾಡಿದ್ದು. ವಾಲ್ಯೂಮ್ ಗುಂಡಿ ಮೇಲೆ ಬಂದು ಮುಂಗೈಗೆ ತಗಲುತ್ತದೆ. ಗಿಟಾರಿನ ತಲೆಯ ಬಳಿ ತಂತಿ ಕೂರುವ ಪಟ್ಟಿಯನ್ನು ಹೊಸದಾಗಿ ಕೊರೆದದ್ದು ನಿಮ್ಮದೇ ಕೈ. ಅಂಟು ಹೊರಗೆಲ್ಲ ಮೆತ್ತಿದೆ, ಅದರಲ್ಲೇ ಗೊತ್ತಾಯಿತು. ಮನೆಯಲ್ಲಿ ಒಂದು ಬಲ್ಬ್ ಬದಲಿಸದವರು ಕೂತು ಇದನ್ನು ಕೊರೆದಿರಿ ಎಂದರೆ ಆ ಎಡಗೈಯವರು ಬಹಳ ಬೇಕಾದವರೇ ಇರಬೇಕು.

ಬನ್ನೂರಿನ ಛತ್ರ ನೆನಪಿದೆಯೇ? ಮದುವೆ ಹುಡುಗಿಯ ಸೋದರಮಾವ ಎದ್ದು ನಿಂತು, “ಮದ್ವೆ ಮನೇಲಿ ಎಡಗೈಲಿ ಬಾರುಸ್ತಾವ್ಳಲ್ಲ, ಶುಭಕ್ಕಾದದಾ?” ಎಂದಾಗ ಅತ್ತೆ ಹೂಂಗುಟ್ಟಿದರು. ನೀವು ಅಷ್ಟು ಜನರೆದುರು ನನ್ನ ಕೊರಳಿಂದ ಗಿಟಾರ್ ಬಿಚ್ಚಿ ಕೈಗೆ ತಾಳ ಕೊಟ್ಟಿರಿ. ಮಾರನೆಯ ದಿನ ನಾನು ಬಸ್ಸು ಹತ್ತಿದೆ. ನನಗೆ ಅಶುಭವಾದ ಎಡಗೈ ಅವಳಿಗೆ ಹೇಗೆ ಶುಭವಾಯಿತು? ಅವಳು ಎಂದೇ ಬರೆಯುತ್ತಿದ್ದೇನೆ. ಹೊಟ್ಟೆ ಉರಿಯುತ್ತಿದೆ, ನಿಮ್ಮ ಹತ್ತಿರ ಮುಚ್ಚಿಟ್ಟು ಏನಾಗಬೇಕು?

ಗಿಟಾರ್ ಚೆನ್ನಾಗಿದೆ. ಧಾರಾಳವಾಗಿ ಅವಳಿಗೆ ಕೊಡಿ. ಭಾನುವಾರ ಮದನ್ ಬಂದರೆ ವಾಪಸ್ ಕಳಿಸುತ್ತೇನೆ.

ಇಂತಿ,
ಆಶಾರಾಣಿ

ವಿ.ಸೂ.: ಲಕೋಟೆ ಅಂಟಿಸುವ ಮೊದಲು, ನಿಂತು ನುಡಿಸಿದರೆ ಹೇಗಿರುತ್ತದೋ ನೋಡೋಣವೆಂದು ಬೆಲ್ಟನ್ನು ಕೊರಳಿಗೆ ಹಾಕಿಕೊಂಡೆ. ಬೆಲ್ಟನ್ನು ಗಿಡ್ಡ ಮಾಡಲು ಕೊನೆಯ ತೂತೂ ಸಾಲದೆಂದು ಅದರಾಚೆಗೆ ದಬ್ಬಳದಲ್ಲಿ ಹೊಸ ತೂತು ಹೊಡೆದಿದ್ದೀರಿ. ಗಿಟಾರ್ ನನ್ನ ಸೊಂಟಕ್ಕೆ ಸರಿಯಾಗಿ ಬಂದು ನಿಂತಿತು. ಗಿಟಾರ್ ಹಿಡಿಯುವವರಲ್ಲಿ ಇಷ್ಟು ಕುಳ್ಳಿ ಈ ಸೀಮೆಯಲ್ಲಿ ನಾನೊಬ್ಬಳೇ. ತಪ್ಪಾಯಿತು ಎಂಬ ಒಂದು ಮಾತು ಹೇಳಲಾಗದೆ ಇಷ್ಟೊಂದು ಸುಳ್ಳೇ? ಮದನ್ ಬರುವುದು ಬೇಡ, ನೀವೇ ಬನ್ನಿ. ಅತ್ತೆಯನ್ನೂ ಕರೆತನ್ನಿ. ಅವರ ಎದುರಿಗೇ ಇದನ್ನು ನನ್ನ ಕೊರಳಿಗೆ ಹಾಕಬೇಕು.