ಗುಣಕ್ಕೆ ಮೂರು ಮಾರ್ಕು

18 ನವೆಂಬರ್ 1986, ಮಂಗಳವಾರ

ಇದು ಅನ್ಯಾಯ. ಕೋನಪ್ಪನವರನ್ನು ಇಪ್ಪತ್ತು ವರ್ಷ ಆಫೀಸಿನ ಬಾಗಿಲಾಚೆ ಕೂರಿಸಿದರು. ಬೆಲ್ ಹೊಡೆದರೆ ಒಳಗೆ, ಟೀ ಇಟ್ಟು ಮತ್ತೆ ಹೊರಗೆ. ಜುಲೈಯಲ್ಲಿ ಸತ್ತರು. ಈಗ ಅವರ ಮಗಳನ್ನೂ ಅದೇ ಬಾಗಿಲಾಚೆ ಕೂರಿಸುವ ಏರ್ಪಾಡು. ಅದಕ್ಕೆ ಅನುಕಂಪದ ನೌಕರಿ ಎಂದು ಹೆಸರು.

ಆಂಜಿನಮ್ಮ ಎಸ್ಸೆಸ್ಸೆಲ್ಸಿ ಪಾಸಾದರೆ ಗುಮಾಸ್ತೆ ಕೆಲಸ. ಒಳಗೆ, ಕುರ್ಚಿ. ಫೇಲಾದರೆ ಅಪ್ಪನದೇ ಜವಾನಿ ಕೆಲಸ. ಜೂನ್ ಮುಗಿಯುವುದರೊಳಗೆ ಮಾರ್ಕ್ಸ್ ಕಾರ್ಡ್ ತಂದು ತೋರಿಸಬೇಕೆಂದು ಆಫೀಸಿನ ಹೆಡ್ ಕ್ಲರ್ಕ್ ಸತ್ಯಮೂರ್ತಿ ಹೇಳಿ ಕಳಿಸಿದ್ದಾರೆ. ತಮ್ಮನನ್ನು ನೋಡಿಕೊಳ್ಳಲು ಎರಡು ವರ್ಷ ಸ್ಕೂಲು ಬಿಟ್ಟಿದ್ದವಳು. ಬರುವ ಮೇಗೆ ಹದಿನೆಂಟು ತುಂಬುತ್ತದೆ. ಒಂದೇ ಅವಕಾಶ.

ನಾನು ಕಲಿಸುವ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಬೀಗ ಹಾಕಿ ಸೀದಾ ಅವರ ಮನೆಗೆ. ನಮ್ಮ ಮನೆಯಿಂದ ನಾಲ್ಕನೇ ಬಾಗಿಲು. ಇವತ್ತು ಲೆಕ್ಕ. ವರ್ಗ ಸಮೀಕರಣ ನನಗೂ ಬರುವುದಿಲ್ಲ — ಬಿ.ಎ. ಓದಿದವಳು — ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಲಿತುಕೊಂಡು ಹೋದೆ. ಆಂಜಿಯ ತಾಯಿ ಅಕ್ಕಯಮ್ಮ ನೂಲು ಬಿಚ್ಚುವ ಶೆಡ್ಡಿನಿಂದ ಬಂದು ಕೈ ತೊಳೆಯುತ್ತಿದ್ದರು. ಎಷ್ಟು ತೊಳೆದರೂ ರೇಷ್ಮೆ ಹುಳುವಿನ ವಾಸನೆ ಹೋಗದು.

"ಆರು ಸಬ್ಜೆಕ್ಟೂ ನೀನೊಬ್ಳೇ ಹೇಳ್ಕೊಡ್ತೀಯೇನಮ್ಮ ಗಂಗಾ? ನಿಂಗೆಲ್ಲಾ ಬರ್ತದಾ?"

"ಬರಲ್ಲತ್ತೆ. ಕಲ್ತು ಹೇಳ್ಕೊಡ್ತೀನಿ."

"ಅಯ್ಯೋ ದೇವುಡಾ... ಕಲಿಯೋರೇ ಇಬ್ರಾದ್ರಲ್ಲೇ. ಹೇಳ್ಕೊಡೋರು ಯಾರು?"

ಆಂಜಿ ನಕ್ಕಳು. ಅಪ್ಪ ಸತ್ತ ಮೇಲೆ ನಕ್ಕಿದ್ದು ನೋಡಿರಲಿಲ್ಲ.

28 ನವೆಂಬರ್, ಶುಕ್ರವಾರ

ಇಂಗ್ಲಿಷ್. ರಜಾ ಚೀಟಿ. 'ಐ ಬೆಗ್ ಟು ಸ್ಟೇಟ್' ಅಂತ ಶುರು.

"ಬೆಗ್ ಅಂದ್ರೇನಕ್ಕ?"

"ಬೇಡೋದು."

"ಜ್ವರ ಬಂದ್ರೂ ಬೇಡ್ಕೋಬೇಕಾ?"

ಪೆನ್ನು ಕಿತ್ತುಕೊಂಡು ಹೊಡೆದುಹಾಕಿದೆ. ಕೊನೆಯ 'ಒಬೀಡಿಯೆಂಟ್' ಕೂಡ. ಕನ್ನಡದ ಪತ್ರ ಲೇಖನದಲ್ಲಿ 'ತಮ್ಮ ವಿಧೇಯ' ಎಂದಿದ್ದದ್ದನ್ನೂ. ನಿಮ್ಮಪ್ಪ ಬೇಡಿದ್ದು ಸಾಕು, ನೀನು ತಿಳಿಸು, ಬೇಡಬೇಡ — ಎಂದೆ. ಅವಳು ಕಣ್ಣು ಅಗಲ ಮಾಡಿ ಕೇಳಿದಳು. ವಾಪಸು ಬರುವಾಗ ಚಳಿಯಲ್ಲೂ ಮೈ ಬೆಚ್ಚಗಿತ್ತು. ಶಿಕ್ಷಣ ಅಂದರೆ ಇದು.

11 ಡಿಸೆಂಬರ್, ಗುರುವಾರ

ಸೋಷಲ್. ನನ್ನ ಸಬ್ಜೆಕ್ಟು. ಟ್ರಂಕಿನಿಂದ ನಮ್ಮ ದಲಿತ ಸಂಘದ ಕಿರುಪುಸ್ತಕಗಳನ್ನೇ ತೆಗೆದುಕೊಂಡು ಹೋದೆ. ಎಂಟು ಪುಟದವು, ಹನ್ನೆರಡು ಪುಟದವು, ಪಿನ್ನು ತುಕ್ಕು ಹಿಡಿದವು. ಪದವಿಯ ಮೂರು ವರ್ಷದಲ್ಲಿ ಕಲಿಯದ್ದನ್ನು ನಾನು ಇವುಗಳಿಂದ ಕಲಿತೆ.

ಬ್ರಿಟಿಷ್ ಆಳ್ವಿಕೆಯ ಅನುಕೂಲಗಳು: ರೈಲು. ಯಾರ ಅನುಕೂಲಕ್ಕೆ ಹಾಕಿದರು ಹೇಳು ಎಂದೆ.

"ನಮ್ಮೂರ್ ರೈಲಂತೂ ಯಾರಿಗೂ ಅನುಕೂಲ ಇಲ್ಲಕ್ಕ. ಚಿಂತಾಮಣಿಗೆ ಹೋಗೋವಾಗ ಇಳ್ದು ಕಡ್ಲೆಕಾಯಿ ಕೊಂಡ್ಕೊಂಡು ಮತ್ತೆ ಹತ್ಬೋದು."

ಆಮೇಲೆ ಗೈಡಿನ ಒಂದು ಪ್ರಶ್ನೆ. 'ಜಾತಿ ಪದ್ಧತಿಯ ಗುಣ ಮತ್ತು ದೋಷಗಳನ್ನು ಬರೆಯಿರಿ.' ಆರು ಮಾರ್ಕು. ಗುಣಕ್ಕೆ ಮೂರು, ದೋಷಕ್ಕೆ ಮೂರು. ಸಮಪಾಲು! ಗೈಡನ್ನು ಮೂಲೆಗೆ ಎಸೆದೆ. ಗುಣ ಒಂದೂ ಇಲ್ಲ, ಇದೆ ಎನ್ನುವುದೇ ಸುಳ್ಳು, ಸುಳ್ಳನ್ನು ಕೈಯಾರೆ ಬರೆಯಬಾರದು ಎಂದೆ. ಒಂದೂವರೆ ಗಂಟೆ ಮಾತಾಡಿದೆ. ಅವಳ ತಮ್ಮ ನಿದ್ದೆ ಹೋದ. ಅವಳು ರೆಪ್ಪೆ ಮುಚ್ಚಲಿಲ್ಲ.

27 ಜನವರಿ 1987, ಮಂಗಳವಾರ

ಬರೆಯಲು ಆಗಿರಲಿಲ್ಲ. ಬೆಳಿಗ್ಗೆಯಿಂದ ಟೈಪ್ ಮಿಷನ್ನುಗಳ ಟಕಟಕ, ಸಂಜೆ ಲೆನ್ಸು, ಆಮ್ಲ, ಕ್ಷಾರ, ತ್ರಿಕೋನ. ಹುಡುಗಿ ಚುರುಕು. ಪೀನ ಮಸೂರ ನನಗಿಂತ ಮೊದಲು ಅವಳಿಗೆ ಅರ್ಥವಾಯಿತು, ಅವಳೇ ನನಗೆ ಹೇಳಿಕೊಟ್ಟಳು. ನಾಚಿಕೆಯಾಗಲಿಲ್ಲ. ನಾಚಿಕೊಳ್ಳಲೂ ಶಕ್ತಿ ಬೇಕು. ಸಂಘದ ಮೀಟಿಂಗಿಗೆ ಹೋಗಿ ತಿಂಗಳಾಯಿತು. ಗಂಟಲು ಕಟ್ಟಿದೆ.

23 ಫೆಬ್ರವರಿ, ಸೋಮವಾರ

ಪ್ರಿಪರೇಟರಿ ಪೇಪರು ಕೊಟ್ಟರು. ಲೆಕ್ಕ ಐವತ್ತೆರಡು. ವಿಜ್ಞಾನ ನಲವತ್ತೇಳು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪಾಸು, ಆದರೆ ಪತ್ರ ಲೇಖನಕ್ಕೆ ಎರಡರಲ್ಲೂ ಸೊನ್ನೆ — 'ಒಕ್ಕಣೆ ಇಲ್ಲ'. ಸೋಷಲ್ ಇಪ್ಪತ್ತೆರಡು.

ಪೇಪರ್ ಬಿಡಿಸಿ ನೋಡಿದೆ. 'ಜಾತಿ ಪದ್ಧತಿಯ ಗುಣಗಳು' ಎಂದು ಬರೆದು ಕೆಳಗೆ ಗೆರೆ ಎಳೆದು: 'ಇಲ್ಲ.' ಬ್ರಿಟಿಷರ ಅನುಕೂಲಗಳು: 'ಅವರಿಗೆ ಬಹಳ ಆದವು.' ದಾನ ಮಾಡಿದ ರಾಜರ ಬಗ್ಗೆ: 'ಯಾರಿಂದ ಕಿತ್ತುಕೊಂಡು?'

ಎಲ್ಲವೂ ನನ್ನ ಮಾತು. ಕೆಂಪು ಇಂಕಿನಲ್ಲಿ ಸೊನ್ನೆ, ಸೊನ್ನೆ, ಅರ್ಧ.

ಆಂಜಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಚೆನ್ನಾಗ್ ಬರ್ದಿದೀನಲ್ಲಕ್ಕ?"

25 ಫೆಬ್ರವರಿ, ಬುಧವಾರ

ಸ್ಕೂಲಿಗೆ ಹೋದೆ. ಸೋಷಲ್ ಮೇಷ್ಟ್ರು ಪುಟ್ಟಸ್ವಾಮಯ್ಯ. ಜಗಳಕ್ಕೆಂದೇ ಹೋದದ್ದು, ವಾಕ್ಯಗಳನ್ನು ದಾರಿಯಲ್ಲೇ ಜೋಡಿಸಿಕೊಂಡಿದ್ದೆ. ಅವರು ಕೊನೆತನಕ ಕೇಳಿದರು. ಸೀಮೆಸುಣ್ಣದ ಕೈ ಪಂಚೆಗೆ ಒರೆಸಿಕೊಂಡರು.

"ಅವಳು ಬರ್ದಿದ್ರಲ್ಲಿ ತಪ್ಪೇನಿದೆ ಅಂತ ಕೇಳ್ತೀಯಲ್ಲಮ್ಮ, ತಪ್ಪೇನೂ ಇಲ್ಲ. ಏಪ್ರಿಲ್‌ನಲ್ಲಿ ಪೇಪರ್ ತಿದ್ದೋನು ನಾನಲ್ಲ. ಯಾವ್ದೋ ಊರಲ್ಲಿ ಶೆಖೆಗೆ ಬೆವರ್ಕೊಂಡು ಕೂತಿರ್ತಾನೆ. ಪಾಯಿಂಟ್ ಎಣಿಸ್ತಾನೆ. ಮೂರು ಪಾಯಿಂಟ್, ಮೂರು ಮಾರ್ಕು. 'ಇಲ್ಲ' ಅಂದ್ರೆ ಅವನಿಗೆ ಎಣಿಸೋಕಿಲ್ಲ, ಇವಳಿಗೆ ಮಾರ್ಕಿಲ್ಲ."

"ಹಾಗಾದ್ರೆ ಸುಳ್ಳು ಬರೀಬೇಕಾ ಸಾರ್?"

"ಕೋನಪ್ಪ ನಂಗೊತ್ತಿದ್ದೋನು ಕಣಮ್ಮ. ಅವಳಿಗೆ ಕುರ್ಚಿ ಬೇಕೋ ಬೇಡ್ವೋ, ಅದು ಹೇಳು ಮೊದ್ಲು."



5 ಮಾರ್ಚ್, ಗುರುವಾರ

ಇವತ್ತು ನಾನು ಗುಣ ಹೇಳಿಕೊಟ್ಟೆ. ಬರೆದಿಡುತ್ತೇನೆ. ಈ ಕೈಯಿಂದಲೇ, ನಮ್ಮ ಕೇರಿಯಲ್ಲೇ, ಕೋನಪ್ಪನವರ ಫೋಟೋ ಕೆಳಗೇ ಕೂತು.

ಒಂದು, ಕೆಲಸದ ಹಂಚಿಕೆ. ಎರಡು, ಸಮಾಜದಲ್ಲಿ ಶಿಸ್ತು. ಮೂರು, ತಂದೆಯ ಕಸುಬು ಮಕ್ಕಳಿಗೆ ಸುಲಭವಾಗಿ ಬರುತ್ತದೆ.

ಆಂಜಿ ಪೆನ್ನು ಕೆಳಗಿಟ್ಟಳು. "ಮೂರನೇದು ಇನ್ನೊಂದ್ಸಲ ಹೇಳಕ್ಕ."

ಹೇಳಿದೆ.

"ಹಂಗಾದ್ರೆ ಓದೋದ್ಯಾಕೆ? ನಮ್ಮಪ್ಪನ್ ಕೆಲ್ಸ ನಂಗೆ ಸುಲಭವಾಗಿ ಬಂದೇ ಬರ್ತದಲ್ಲ. ಗುಣ ಐತಲ್ಲ ಅದ್ರಾಗೆ."

"ಆಂಜಿ, ಮಾರ್ಕಿಗೆ ಮಾತ್ರ..."

"ನೀವೇ ಹೇಳಿದ್ರಿ, ಸುಳ್ಳು ಕೈಯಾರೆ ಬರೀಬಾರ್ದು ಅಂತ. ಆವತ್ತು ಸುಳ್ಳು ಹೇಳಿದ್ರೋ, ಇವತ್ತೋ?"

ಒಳಗಿನಿಂದ ಅಕ್ಕಯಮ್ಮ: "ಏಯ್, ಅಕ್ಕಂಗೆ ಎದ್ರು ಮಾತಾಡ್ತೀಯೇನೇ? ಬರ್ಕೊಳ್ಳೇ ಸುಮ್ನೆ! ಅದೇನು ಗುಣಾನೋ ದೋಷಾನೋ, ನಿನ್ ಗಂಟೇನ್ ಹೋಗ್ತದೆ?"

ಬರೆದುಕೊಂಡಳು. ಅಕ್ಷರ ದುಂಡಗೆ. 'ತಮ್ಮ ವಿಧೇಯ' ಕೂಡ ಬರೆಸಿದೆ, ಹತ್ತು ಸಲ. 'ಐ ಬೆಗ್' ಹತ್ತು ಸಲ. ಅವಳು ಒಮ್ಮೆಯೂ ತಲೆ ಎತ್ತಲಿಲ್ಲ. ನನಗೂ ಅದೇ ಬೇಕಾಗಿತ್ತು.

8 ಮಾರ್ಚ್, ಭಾನುವಾರ

ಸಂಘದ ಮುನಿವೆಂಕಟಪ್ಪ ಸೈಕಲ್ ನಿಲ್ಲಿಸದೆ, ಒಂದು ಕಾಲು ನೆಲಕ್ಕೆ ಊರಿಕೊಂಡೇ ಮಾತಾಡಿದ. ಮುರುಗಮಲ್ಲದ ಕಡೆ ಮೀಟಿಂಗಂತೆ. ಬರಲಾಗದು ಎಂದೆ.

"ಯಾಕ್ ಬರ್ತೀಯ? ಜಾತಿಯಲ್ಲಿ ಒಳ್ಳೇ ಗುಣಗಳವೆ ಅಂತ ಪಾಠ ಮಾಡ್ತಿದೀಯಂತಲ್ಲ. ನಮ್ಗೂ ಬಂದು ಹೇಳ್ಕೊಡವ್ವ, ಗೊತ್ತಿರ್ಲಿಲ್ಲ."

"ನೀನು ಬಂದು ಲೆಕ್ಕ ಹೇಳ್ಕೊಡು, ಸೋಷಲ್ ಬಿಟ್ಬಿಡ್ತೀನಿ. ಬರ್ತೀಯಾ ನಾಳೆ?"

"ನಂಗೆಲ್ಲಿ ಟೈಮು..."

ಹೋದ. ಸಿಟ್ಟೂ ಪೂರ್ತಿ ಬರಲಿಲ್ಲ. ಮಧ್ಯಾಹ್ನ ಮಲಗಿದವಳು ದೀಪ ಹಚ್ಚುವ ಹೊತ್ತಿಗೆ ಎದ್ದೆ.

4 ಏಪ್ರಿಲ್, ಶನಿವಾರ

ಸೋಷಲ್ ಪೇಪರ್ ಮುಗಿಯಿತು. ಇದೇ ಕೊನೆ. ಗೇಟಿನ ಹೊರಗೆ ಬಿಸಿಲಿನಲ್ಲಿ ಕಾದೆ. ಮೊದಲು ಹೊರಬಂದ ಹುಡುಗರಿಂದ ಪ್ರಶ್ನೆಪತ್ರಿಕೆ ಇಸಿದುಕೊಂಡು ನೋಡಿದೆ. ಎರಡನೇ ಪುಟದಲ್ಲಿ ಅದೇ ಪ್ರಶ್ನೆ. ಅಕ್ಷರ ಅಕ್ಷರ ಅದೇ.

ಆಂಜಿ ಎಲ್ಲರಿಗಿಂತ ಹಿಂದೆ ಬಂದಳು.

"ಬರೆದ್ಯಾ?"

"ಬರ್ದೆ."

"ಗುಣದ್ದು?"

"ಹೊಟ್ಟೆ ಹಸೀತದಕ್ಕ. ನಡೀರಿ ಹೋಗಣ."

ದಾರಿಯುದ್ದಕ್ಕೂ ತಮ್ಮನ ಚಪ್ಪಲಿ ಕಿತ್ತುಹೋದ ಸುದ್ದಿ ಹೇಳಿದಳು.

29 ಮೇ, ಶುಕ್ರವಾರ

ಫೇಲು. ಸೋಷಲ್ ಒಂದರಲ್ಲಿ. ಮೂವತ್ತೊಂದು.

ಉಳಿದ ಐದೂ ಪಾಸು. ಲೆಕ್ಕದಲ್ಲಿ ಅರವತ್ತಾರು. ನನಗೆ ಬಾರದ ಸಬ್ಜೆಕ್ಟುಗಳಲ್ಲೆಲ್ಲ ಪಾಸು. ನನ್ನದರಲ್ಲಿ ಫೇಲು.

ಅಕ್ಕಯಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಕೂತು ಕೇಳಬಹುದಿತ್ತು. "ಪೋನೀ ಬಿಡಮ್ಮ" ಎಂದರು. "ಜವಾನಿ ಅಂದ್ರೂ ಸರ್ಕಾರದ್ದೇ ಅಲ್ವಾ. ಅವರಪ್ಪ ಅದ್ರಾಗೇ ನಮ್ಮನ್ ಸಾಕಲಿಲ್ವಾ."

ಹಿತ್ತಿಲಲ್ಲಿ ಆಂಜಿ ಬಟ್ಟೆ ಒಗೆಯುತ್ತಿದ್ದಳು. ನಿಂತೆ. ಕೇಳದೆಯೇ ಹೇಳಿದಳು.

"ಬೇಕಂತ ಮಾಡ್ಲಿಲ್ಲಕ್ಕ. ದೋಷ ಮೊದ್ಲು ಬರ್ದೆ. ಆಮೇಲೆ ಗುಣಗಳು ಅಂತ ಬರ್ದೆ, ಗೆರೆ ಎಳ್ದೆ, ಒಂದು ಅಂತ ಹಾಕ್ದೆ. ಎಲ್ಲಾ ಬಾಯಿಗೆ ಬರ್ತಿತ್ತು. ಕೈ ಓಡ್ಲಿಲ್ಲ. ಬರೀಬೇಕು, ಬರೀಬೇಕು ಅಂತ ಅಲ್ಲೇ ಕೂತ್ಬಿಟ್ಟೆ. ಬೆಲ್ ಆಯ್ತು. ಮ್ಯಾಪೂ ಬಿಟ್ಟೋಯ್ತು."

ಮ್ಯಾಪಿಗೆ ಐದು ಮಾರ್ಕು. ಅವಳಿಗೆ ನಿದ್ದೆಯಲ್ಲೂ ಬರುವ ಮ್ಯಾಪು.

ಏನು ಹೇಳಬೇಕಿತ್ತು? ಹೆಮ್ಮೆ ಎನ್ನಲೇ? ಹೇಳಿದ್ದರೆ ಆ ಸೋಪಿನ ನೀರು ನನ್ನ ಮುಖಕ್ಕೆ ಎರಚಬೇಕಿತ್ತು ಅವಳು. ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡೆ. ಇಬ್ಬರೂ ಸೇರಿ ಹಿಂಡಿದೆವು.

3 ಜೂನ್, ಬುಧವಾರ

ಸತ್ಯಮೂರ್ತಿಯವರನ್ನು ಕಂಡೆ. ಸೆಪ್ಟೆಂಬರ್ ಪರೀಕ್ಷೆತನಕ ಕಾಯುವಂತಿಲ್ಲವೇ ಎಂದು ಕೇಳಿದೆ. ಕನ್ನಡಕ ತೆಗೆದಿಟ್ಟರು. "ನನ್ ಕೈಲಿದ್ರೆ ಕಾಯ್ತಿದ್ನಮ್ಮ. ಜೂನ್ ದಾಟಿದ್ರೆ ಜವಾನಿಯೂ ಹೋಗ್ತದೆ. ಮೊದ್ಲು ಸೇರ್ಕೊಳ್ಳಲಿ. ಪಾಸಾದ್ಮೇಲೆ ಕಾರ್ಡ್ ತಂದ್ಕೊಟ್ರೆ ಪ್ರಮೋಷನ್ ಸರದಿಯಲ್ಲಿ ಬರ್ತಾಳೆ."

ಎಷ್ಟು ವರ್ಷಕ್ಕೆ?

"ಆರಕ್ಕೂ ಆಗ್ಬೋದು, ಹತ್ತಕ್ಕೂ ಆಗ್ಬೋದು."

ಮನೆಗೆ ಬಂದು ಕಿರುಪುಸ್ತಕಗಳ ಟ್ರಂಕು ತೆರೆಯಲಿಲ್ಲ. ಅದರ ಮೇಲೆ ಕೂತೆ. ಪುಸ್ತಕದಲ್ಲಿದ್ದದ್ದು ನಿಜ, ಈಗಲೂ ನಿಜ. ಆದರೆ ಅದಕ್ಕೆ ಬೆಲೆ ಕೊಟ್ಟವಳು ನಾನಲ್ಲ.

19 ಜೂನ್, ಶುಕ್ರವಾರ. ಸಂಜೆ 6.30

ಆಂಜಿ ಸೋಮವಾರವೇ ಕೆಲಸಕ್ಕೆ ಸೇರಿದಳು. ನಾನು ಆ ಆಫೀಸಿನ ಬೀದಿಗೇ ಹೋಗಿರಲಿಲ್ಲ. ಇವತ್ತು ಇನ್‌ಸ್ಟಿಟ್ಯೂಟಿನ ಬೀಗ ಹಾಕುವ ಹೊತ್ತಿಗೆ ಅವಳೇ ಬಂದಳು. ಕಾಟನ್ ಸೀರೆ. ಸೀರೆಯಲ್ಲಿ ನೋಡಿದ್ದು ಇದೇ ಮೊದಲು. ದೊಡ್ಡವಳಾಗಿ ಕಂಡಳು, ದಣಿದೂ ಇದ್ದಳು. ಕಡೆಯ ಮಿಷನ್ನಿನ ಮುಂದೆ ಕೂತು ಕಾಲು ಒತ್ತಿಕೊಂಡಳು.

"ಏನ್ ಕೆಲ್ಸ ಕೊಡ್ತಾರೆ?"

"ಟೀ. ಫೈಲು. ಆಮೇಲೆ ಟೀ." ಸೆರಗಿನಿಂದ ಮುಖ ಒರೆಸಿಕೊಂಡಳು. "ಸೆಪ್ಟೆಂಬರ್ಗೆ ಕಟ್ಟಿದೀನಕ್ಕ. ಸೋಷಲ್ ಒಂದೇ. ನೀವು ಬರದೇ ಇದ್ರೆ ನಾನೇ ಓದ್ಕೊತೀನಿ. ಬರ್ತೀರಾ?"

ಬರಲೇ? ಯಾವ ಮುಖದಿಂದ?

"ಗುಣದ್ದು ಇನ್ನೊಂದ್ಸಲ ಬರ್ಸಿ. ನೂರು ಸಲ ಬರ್ಸಿ. ಕೈಗೆ ರೂಢಿಯಾಗ್ಲಿ" ಎಂದಳು. ಅದನ್ನು ಹೇಳುವಾಗ ಅವಳ ದನಿ ಅಕ್ಕಯಮ್ಮನ ದನಿಯ ಹಾಗಿತ್ತು. ನನಗೆ ತಡೆಯಲಾಗಲಿಲ್ಲ.

ಹಾಳೆ ತೆಗೆದು ಲೆಕ್ಕ ಹಾಕಿದೆ. ಪಾಸಿಗೆ ಮೂವತ್ತೈದು. ಅವಳದು ಮೂವತ್ತೊಂದು. ಮ್ಯಾಪು ಬರೆದಿದ್ದರೆ ಆಗಲೇ ಮೂವತ್ತಾರು. ಇಷ್ಟು ಸರಳ ಕೂಡಿಸುವ ಲೆಕ್ಕವನ್ನು ಮಾರ್ಚಿನಲ್ಲಿ ಯಾಕೆ ಮಾಡಲಿಲ್ಲ? ಆಗ ನನಗೆ ಎರಡೇ ದಾರಿ ಗೊತ್ತಿದ್ದವು: ಗೈಡನ್ನು ಮೂಲೆಗೆ ಎಸೆಯುವುದು, ಇಲ್ಲವೇ ಎತ್ತಿಕೊಂಡು ಬಂದು ಬಾಯಿಪಾಠ ಮಾಡಿಸುವುದು.

"ಮೊದಲು ಮ್ಯಾಪು. ಆಮೇಲೆ ಇಸವಿ. ಆಮೇಲೆ ಸಂವಿಧಾನ, ಅದು ನಿಂಗೆ ಬರ್ತದೆ. ಗುಣ ಕೇಳಿದ್ರೆ ಆ ಜಾಗದಲ್ಲಿ ನಿಲ್ಬೇಡ. ದೋಷ ಬರಿ, ಮುಂದಕ್ಕೆ ಹೋಗು. ಆ ಮೂರು ಮಾರ್ಕು ಅವರೇ ಇಟ್ಕೊಳ್ಳಲಿ."

ಆಂಜಿ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ನಿಧಾನವಾಗಿ, ಎರಡು ಸಲ ಕೂಡಿದಳು.

"ಅದಿಲ್ದೆ ಪಾಸಾಗ್ತೀನಾ?"

"ಆಗ್ತೀಯ. ಆದ್ರೆ ಮಿಕ್ಕಿದ್ದು ಒಂದೂ ಬಿಡಂಗಿಲ್ಲ. ದಿನಾ ಬರ್ಬೇಕು, ಟೀ ಕೊಟ್ಟು ಕಾಲು ಸೋತ್ರೂ."

"ನಿಮ್ಗೇ ಸುಸ್ತಾದಂಗೈತೆ. ನಂಗೇನು."

ಅವಳ ಆಫೀಸು ಐದೂವರೆಗೆ ಬಿಡುತ್ತದೆ. ಮನೆಯಲ್ಲಿ ಬೇಡ, ತಮ್ಮನ ಗಲಾಟೆ, ಇಲ್ಲೇ ಎಂದಳು. ಸೋಮವಾರ, ಸಂಜೆ ಆರು ಗಂಟೆ, ಇನ್‌ಸ್ಟಿಟ್ಯೂಟು. ಖಾಲಿ ಮ್ಯಾಪುಗಳು ನಾನು ತರುವುದು, ಪೆನ್ಸಿಲ್ ಅವಳು.