ಉದ್ದಣ್ಣ ಪಕ್ಷ ಬದಲಿಸಿದ

ಶನಿವಾರ, ನವೆಂಬರ್ ೯

ಉದ್ದಣ್ಣನ ಮಾತು ಇನ್ನೂ ಕಿವಿಯಲ್ಲಿದೆ. ಕಾಲೇಜಿನಿಂದಲೂ ನಾವಿಬ್ಬರೂ ಒಂದೇ ಕಂಪನಿಯ ಕಂಪ್ಯೂಟರಿಗೆ ಅಂಟಿಕೊಂಡವರು. ಎದುರು ಕಂಪನಿಯದನ್ನು ಹೊಗಳಿದವರ ಮೇಲೆ ಒಟ್ಟಿಗೆ ಜಗಳಕ್ಕೆ ಹೋದವರು. ಚಿತ್ರ ಬಿಡಿಸುವ ತಂತ್ರಾಂಶವನ್ನೂ ಜೊತೆಯಾಗಿಯೇ ಬರೆದೆವು.

ಇವತ್ತು ಎದುರು ಕಂಪನಿಯ ಪ್ರದರ್ಶನಕ್ಕೆ ಸುಮ್ಮನೆ ಹೋದರೆ, ವೇದಿಕೆಯ ಮೇಲೆ ಇವನೇ! ಅವರ ಕಂಪ್ಯೂಟರಿನಲ್ಲಿ ನಮ್ಮ ತಂತ್ರಾಂಶ. ಪರದೆಯ ಮೇಲೆ ಅವನೊಬ್ಬನದೇ ಹೆಸರು.

“ನನ್ ಗೆಳೆಯ ಒಬ್ಬ ಇದಾನೆ, ಇನ್ನೂ ಹಳೇ ಡಬ್ಬಾನೇ ಪೂಜೆ ಮಾಡ್ತಾನೆ,” ಎಂದ. ಸಭೆಯೆಲ್ಲ ನಕ್ಕಿತು.

ಹೊರಗೆ ತಡೆದು ಕೇಳಿದೆ: “ನನ್ ಹೆಸರೆಲ್ಲೋ?”

“ಸತ್ರೂ ಈ ಕಡೆ ಬರಲ್ಲ ಅಂತಿದ್ದೆಯಲ್ಲೋ, ಹೆಸರು ಯಾಕೆ?” ಎಂದ.

ಅದಕ್ಕಿಂತ ಹೆಚ್ಚು ಉರಿಯುತ್ತಿರುವುದು ಬೇರೆಯೇ. ನಮ್ಮ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವಾಗ ಕುಂಟುತ್ತಿದ್ದ ಗೆರೆ ಅಲ್ಲಿ ನೀರಿನಂತೆ ಹರಿಯಿತು. ಅದನ್ನು ನೋಡಿ ಒಂದು ಕ್ಷಣ ನನಗೇ ಖುಷಿಯಾಗಿ, ಚಪ್ಪಾಳೆ ತಟ್ಟಿಬಿಟ್ಟಿದ್ದೆ.