ಚಕ್ರದ ಕೆಳಗಿನ ನಿಂಬೆಹಣ್ಣು

ಸ್ವೋರ್ಡ್ಸ್, ಡಬ್ಲಿನ್
೩೦ ಅಕ್ಟೋಬರ್ ೨೦೨೦

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಮಂಡಿನೋವು ಕಡಿಮೆಯಾಯಿತೇ? ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಬ್ರೆಡ್ಡು-ಜಾಮಿನಲ್ಲೇ ಕಾಲ ಹಾಕುತ್ತಿದ್ದೀಯಾ? ಫೋನ್ ಎತ್ತುವುದಿಲ್ಲ, ಮೆಸೇಜು ನೋಡಿಯೂ ಉತ್ತರವಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ತೆಗೆದುಕೊಳ್ಳಲಾದರೂ ನೀನು ಗೇಟಿನ ಡಬ್ಬಿಯವರೆಗೆ ಬರಬೇಕಲ್ಲ! ನಾವು ಚೆನ್ನಾಗಿದ್ದೇವೆ. ನಮ್ಮನೆಯವರಿಗೆ ಏರ್‌ಪೋರ್ಟಿನ ಕೆಲಸ ಈಗ ವಾರಕ್ಕೆ ಎರಡೇ ದಿನ. ಮಿಕ್ಕ ದಿನ ನನ್ನ ಅಡುಗೆಗೆ ಸಲಹೆ ಕೊಡುತ್ತಾ ಮನೆಯಲ್ಲೇ ಇರುತ್ತಾರೆ.

ಅತ್ತಿಗೆ ಹೋಗಿ ಆರು ತಿಂಗಳಾಗುತ್ತಾ ಬಂತು. ವಿಮಾನವಿಲ್ಲದೆ ನನಗೆ ಬರಲಾಗಲಿಲ್ಲ, ಎಲ್ಲವನ್ನೂ ಫೋನಿನ ಪರದೆಯಲ್ಲೇ ನೋಡಿದೆ. ಆ ಸಂಕಟ ಇನ್ನೂ ಇಳಿದಿಲ್ಲ. ಆದರೆ ಅವರ ಹಿಂದೆ ನಿನ್ನನ್ನೂ ಕಳೆದುಕೊಳ್ಳಲು ನಾನು ತಯಾರಿಲ್ಲ. ನಿಮ್ಮ ಮೆಲ್ಬರ್ನಿನಲ್ಲಿ ಈ ವಾರ ಲಾಕ್‌ಡೌನ್ ತೆಗೆದರಂತೆ, ಆದರೂ ಅಪ್ಪ ಹೊಸಿಲು ದಾಟುವುದಿಲ್ಲ ಎಂದು ನಿನ್ನ ಮಗ ಚಿರಾಗ್ ಅಳುದನಿಯಲ್ಲಿ ಹೇಳಿದ. ಮೊದಲೆಲ್ಲ ಹಳೆಯ ಕಾರು ಕಂಡಾಗಲೆಲ್ಲ ನೀನು ನನಗೆ ಫೋಟೋ ಕಳಿಸುತ್ತಿದ್ದೆ. ಮಗುವಿನ ಸೀಟು ಕಟ್ಟಿಕೊಂಡು ಶಾಲೆಯ ಮುಂದೆ ನಿಂತ ಹೋಲ್ಡನ್, ಈರುಳ್ಳಿ ಮೂಟೆ ಹೊತ್ತ ವೇಲಿಯಂಟ್. ಶೋರೂಮಿನಲ್ಲಿ ಕಂಡದ್ದು ಲೆಕ್ಕಕ್ಕಿಲ್ಲ, ಬೀದಿಯಲ್ಲಿ ದಿನದ ಕೆಲಸಕ್ಕೆ ಓಡುವ ಗಾಡಿಯೇ ಆಗಬೇಕು ಎಂಬುದು ಮೈಸೂರಿನಲ್ಲಿ ನಾವಿಬ್ಬರೂ ಆಡುತ್ತಿದ್ದ ಆಟದ ಕಾನೂನು. ಅತ್ತಿಗೆಯ ಸಾಸಿವೆ ಬಣ್ಣದ ಡಾಟ್ಸನ್ ಕೂಡ ನಿನಗೆ ಹಾಗೇ ಬೀದಿಯಲ್ಲಿ ಕಂಡದ್ದು. ಮೊದಲು ಕಾರು ನೋಡಿದೆ, ಆಮೇಲೆ ಓಡಿಸುವವಳನ್ನು ನೋಡಿದೆ ಎಂದು ಅವರನ್ನು ಎಷ್ಟು ರೇಗಿಸುತ್ತಿದ್ದೆ! ಈಗ ಅದಕ್ಕೆ ಟಾರ್ಪಾಲು ಹೊದಿಸಿಬಿಟ್ಟಿದ್ದೀಯಂತೆ.

ಇಲ್ಲಿ ಮತ್ತೆ ಎಲ್ಲ ಮುಚ್ಚಿದ್ದಾರೆ, ಮನೆಯಿಂದ ಐದು ಕಿಲೋಮೀಟರಿನಾಚೆ ಹೋಗುವಂತಿಲ್ಲ. ಅಷ್ಟರೊಳಗೇ ನಾನೂ ಹಳೆಯ ಕಾರು ಹುಡುಕಿಕೊಂಡು ತಿರುಗಿದೆ. ಎಲ್ಲ ಹೊಸವೇ, ನಂಬರ್ ಪ್ಲೇಟಿನಲ್ಲಿ ಹುಟ್ಟಿದ ವರ್ಷ ಬರೆದುಕೊಂಡು ಮೆರೆಯುತ್ತವೆ. ಕೊನೆಗೆ ಪಕ್ಕದ ಮನೆಯ ಮುಂದೆಯೇ ಇತ್ತು ನೋಡು, ಬೂದು ಬಣ್ಣದ ಮೋರಿಸ್ ಮೈನರ್. ಆದರೆ ಅದು ಓಡುತ್ತಿರಲಿಲ್ಲ. ಆ ಮನೆಯ ಬ್ರೈಡಿ ಅಜ್ಜಿಯ ಗಂಡ ಮೇ ತಿಂಗಳಲ್ಲಿ ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಭಾನುವಾರ ಆಯುಧಪೂಜೆಗೆ ನಮ್ಮ ಕಾರು ತೊಳೆದು, ಕುಂಕುಮವಿಟ್ಟು, ಸೇವಂತಿಗೆ ಮುಡಿಸಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆ. ಪಕ್ಕದಲ್ಲೇ ಮೋರಿಸ್ ಬೋಳು ಹಣೆಯಲ್ಲಿ ನಿಂತಿತ್ತು. ಕೈ ಸುಮ್ಮನಿರಬೇಕಲ್ಲ, ಅದಕ್ಕೂ ಬೊಟ್ಟಿಟ್ಟು ಹಣ್ಣು ಇಟ್ಟುಬಿಟ್ಟೆ. ಯಾರ ಗಾಡಿ, ಒಂದು ಮಾತು ಕೇಳಬೇಕು ಎಂಬ ಪರಿವೆಯೇ ಇಲ್ಲ! ಅಜ್ಜಿ ಕಿಟಕಿ ತೆರೆದು ಇದೇನು ಎಂದರು. ಗಾಬರಿಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆ: ಗಾಡಿ ಓಡಿಸಿಯೇ ಹಣ್ಣು ಜಜ್ಜಬೇಕು, ಕೈಯಲ್ಲಿ ತೆಗೆಯುವ ಹಾಗಿಲ್ಲ. ಅವರು "ಗ್ರ್ಯಾಂಡ್" ಎಂದು ಕಿಟಕಿ ಮುಚ್ಚಿಕೊಂಡರು. ಇಲ್ಲಿನವರ ಗ್ರ್ಯಾಂಡ್ ಎಂದರೆ ಸರಿ ಎಂದೂ ಆಗಬಹುದು, ಸಾಕು ಹೋಗು ಎಂದೂ ಆಗಬಹುದು. ನಮ್ಮನೆಯವರಂತೂ "ಕಂಡೋರ್ ಗಾಡಿಗೆಲ್ಲ ಯಾಕೆ ಕೈ ಹಾಕ್ತೀಯಾ ಮಾರಾಯ್ತಿ" ಎಂದು ತಲೆ ಚಚ್ಚಿಕೊಂಡರು.

ಮಾರನೆಯ ದಿನ ಅಜ್ಜಿ ಗಂಡನ ಟೋಪಿ ಹಾಕಿಕೊಂಡು, ಕೀಲಿ ಹಿಡಿದು ಬಂದರು. ನಿನ್ನ ಹಣ್ಣುಗಳು ನನಗೆ ನಿದ್ದೆ ಮಾಡಲು ಬಿಡಲಿಲ್ಲ ಎಂದು ದೂರದಿಂದಲೇ ಬೈದರು. ಬ್ಯಾಟರಿ ಸತ್ತಿತ್ತು. ನಮ್ಮನೆಯವರು ನಮ್ಮ ಕಾರಿನಿಂದ ವೈರು ಕೊಟ್ಟರು. ಮೋರಿಸ್ ಕೆಮ್ಮಿತು, ಹೊಗೆ ಬಿಟ್ಟಿತು, ಹೊರಟಿತು. ಹಣ್ಣು ಪಚಕ್ಕೆಂದಿತು. ಅಲ್ಲಿಗೇ ನಿಲ್ಲಿಸುತ್ತಾರೆಂದುಕೊಂಡೆ. ಅಜ್ಜಿ ಇಡೀ ಬಡಾವಣೆ ಸುತ್ತಿ, ಅಂಗಡಿಯಿಂದ ಹಾಲು ತೆಗೆದುಕೊಂಡು ಬಂದರು. ಕಣ್ಣು ಕೆಂಪಾಗಿತ್ತು, ಮುಖದಲ್ಲಿ ನಗುವಿತ್ತು. ನಾನು ನಿನ್ನನ್ನು ನೆನೆದು ಬೀದಿಯಲ್ಲೇ ಅತ್ತುಬಿಟ್ಟೆ. ಫೋಟೋ ಇದರ ಜೊತೆಗಿಟ್ಟಿದ್ದೇನೆ. ಹಾಲು ತರಲು ಹೋದ ಗಾಡಿ, ನಮ್ಮ ಲೆಕ್ಕಕ್ಕೆ ಬಂತು.

ಮೈ ನೋಡಿಕೊ. ಹೊತ್ತಿಗೆ ಸರಿಯಾಗಿ ಒಂದು ಅನ್ನ-ಸಾರಾದರೂ ಮಾಡಿಕೊ. ಚಿರಾಗ್‌ಗೆ ಅತ್ತೆಯ ಆಶೀರ್ವಾದ, ನಿನಗೆ ನಮ್ಮಿಬ್ಬರ ನಮಸ್ಕಾರ.

ನಿನ್ನ ತಂಗಿ,
ನಾಗಮಣಿ

ತಾ.ಕ.: ಪೋಸ್ಟಿನವನು ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ, ಬೈಯಬೇಡ. ಚಿರಾಗ್‌ಗೆ ದಿನವೂ ಡಬ್ಬಿ ಇಣುಕಿ ನೋಡಲು, ಕಾಗದ ಮಾತ್ರ ನಿನಗೇ ಬಿಡಲು ಹೇಳಿದ್ದೇನೆ. ಈ ಕಾಗದ ಬಂದ ದಿನವೇ ಅವನು ಡಾಟ್ಸನ್ನಿನ ಟಾರ್ಪಾಲು ತೆಗೆದು, ಬ್ಯಾಟರಿ ಹಾಕಿ, ಬೊಟ್ಟಿಟ್ಟು, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಾನೆ. ಅಂದರೆ ನೀನು ಇದನ್ನು ಓದುವಾಗ ಇಟ್ಟಾಗಿದೆ. ಕೈಯಲ್ಲಿ ತೆಗೆಯುವ ಹಾಗಿಲ್ಲ, ಅಣ್ಣಾ.